ಹೋಗಿ ಬರ್ತೀನಿ ಅಂದ ಅಪಹರಣಕಾರ

ನರಸಾಪುರ, ಭಾನುವಾರ

ಭಾರತಮ್ಮಜ್ಜಿಗೆ ಚಂದನಳ ನಮಸ್ಕಾರ.

ಸಿಕ್ಕಿಬಿಟ್ಟ ಕಣಜ್ಜಿ! ಐವತ್ತು ವರ್ಷದ ಹಿಂದೆ ವಿದೇಶದಲ್ಲಿ ವಿಮಾನ ಅಪಹರಿಸಿ, ಪ್ಯಾರಾಚೂಟ್ ಕಟ್ಟಿಕೊಂಡು ಹಾರಿ ಮಾಯವಾದವನು ಯಾರೆಂದು ಅಲ್ಲಿನ ಪೊಲೀಸರಿಗೆ ಇನ್ನೂ ಗೊತ್ತಿಲ್ಲ. ನನಗೆ ಗೊತ್ತು, ಅವನು ನಮ್ಮ ಕಡೆಯವನೇ! ಹಾರುವ ಮುಂಚೆ ಗಗನಸಖಿಗೆ ‘ಐ ವಿಲ್ ಗೋ ಅಂಡ್ ಕಮ್’ ಅಂದನಂತೆ. ಅಂದರೆ ‘ಹೋಗಿ ಬರ್ತೀನಿ’! ನಮ್ಮವರಲ್ಲದೆ ಇನ್ಯಾರು ಹಾಗೆ ಇಂಗ್ಲಿಷ್ ಮಾತಾಡ್ತಾರೆ?

ತಾತ ಹಡಗಿನ ಕೆಲಸಕ್ಕೆಂದು ನಮ್ಮೂರು ಆವನಿ ಬಿಟ್ಟು ಹೋಗಿ ಕಾಣೆಯಾದದ್ದೂ ಅದೇ ವರ್ಷ. ಅಲ್ಲಿನ ಪೊಲೀಸರು ಬರೆಸಿದ ಆ ಅಪಹರಣಕಾರನ ಚಿತ್ರದಲ್ಲಿರುವ ಮೂಗು ಥೇಟ್ ಅಪ್ಪನದು!

ಅಪ್ಪನಿಗೆ ಹೇಳಬೇಡ. ತಾತನ ಫೋಟೊ ಕಳಿಸು. ಇನ್ನೊಂದು ಮಾತನ್ನು ಫೋನಿನಲ್ಲಿ ಕೇಳಲಾರೆ, ಅದಕ್ಕೇ ಈ ಪತ್ರ. ಅವತ್ತು ಬಾಗಿಲಲ್ಲಿ ನಿಂತು ತಾತ ನಿನಗೆ ‘ಹೋಗಿ ಬರ್ತೀನಿ’ ಅಂದಿದ್ದರಾ, ಬರೀ ‘ಹೋಗ್ತೀನಿ’ ಅಂದಿದ್ದರಾ?

ನಿನ್ನ ಮೊಮ್ಮಗಳು,
ಚಂದನ