ಒಂದೇ ಲೈಬ್ರರಿಯ ಎರಡು ಆವೃತ್ತಿ

ಗುರುವಾರ, 14ನೇ ತಾರೀಖು
ಆಫೀಸಿನ ಕ್ಯಾಂಟೀನಿನಿಂದ

ಪ್ರೀತಿಯ ಅತ್ತಿಗೆ,

ಕೂತಲ್ಲಿ ಕೂರಲು ಆಗುತ್ತಿಲ್ಲ, ನಿಂತುಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು ಆದರೆ ಬೈಯಬೇಡಿ. ಫೋನಿನಲ್ಲಿ ಹೇಳೋಣವೆಂದರೆ, ಆಫೀಸಿನ ಮಾತೆತ್ತಿದೊಡನೆ ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಮೊದಲೇ ಹೇಳಿಬಿಡುತ್ತೇನೆ: ತಪ್ಪು ನಿಮ್ಮದಲ್ಲ! ಎರಡು ವರ್ಷದ ಹಿಂದೆ ಆಂಬ್ಯುಲೆನ್ಸುಗಳು ದಾರಿ ತಪ್ಪಿದ ಆ ದಿನ, ನೀವು ಬರೆದ ಒಂದು ಸಾಲೂ ತಪ್ಪಿರಲಿಲ್ಲ!

ಹೇಗೆ ಗೊತ್ತಾಯಿತು ಕೇಳಿ. ಆಂಬ್ಯುಲೆನ್ಸ್ ಕಳಿಸುವ ನಮ್ಮ ಸಾಫ್ಟ್‌ವೇರ್ ಒಂದೇ ದೊಡ್ಡ ಗಂಟು ಅಲ್ಲವೇ? ಒಂದು ಗುಂಡಿಯ ಬಣ್ಣ ಬದಲಿಸಿದರೂ ಇಡೀ ಗಂಟನ್ನು ಬಿಚ್ಚಿ ಕಟ್ಟಬೇಕು, ಒಂದು ಬಿಲ್ಡಿಗೆ ಒಂದೂವರೆ ಗಂಟೆ. ಅದನ್ನು ಬಿಡಿಬಿಡಿ ಮಾಡುವ ಕೆಲಸ ಈ ವರ್ಷ ನನಗೂ ಸಿಡುಕಿಗೂ ಬಿತ್ತು. ಅವಳೇ, ಪರೀಕ್ಷೆ ವಿಭಾಗದವಳು. ಆ ಹೆಸರು ಇಟ್ಟವರೇ ನೀವು. ಕರೆ ಸ್ವೀಕರಿಸುವ ಭಾಗ, ನೀವು ಬರೆದ, ಆ ದಿನದಿಂದ ಪಕ್ಕಕ್ಕಿಟ್ಟಿದ್ದ ದಾರಿ ಹುಡುಕುವ ಭಾಗ, ವರದಿ ಮುದ್ರಿಸುವ ಭಾಗ, ಹೀಗೆ ಹನ್ನೊಂದಾದವು. ಹೊರಗಿನವರು ಬರೆದ ಸಿದ್ಧ ಕೋಡಿನ ಕಟ್ಟುಗಳು, ಆ ಲೈಬ್ರರಿಗಳೆಲ್ಲ, ಮೊದಲು ಒಂದೇ ಫೋಲ್ಡರಿನಲ್ಲಿ ಬಿದ್ದಿದ್ದವು, ಯಾರು ಬೇಕಾದರೂ ಎತ್ತಿಕೊಳ್ಳಬಹುದಿತ್ತು. ಈಗ ಪ್ರತಿ ಭಾಗವೂ ತನಗೆ ಯಾವ ಲೈಬ್ರರಿಯ ಯಾವ ಆವೃತ್ತಿ ಬೇಕೆಂದು ಬಾಯಿಬಿಟ್ಟು ಹೇಳಬೇಕು. ಎರಡು ಭಾಗಗಳು ಬೇರೆ ಬೇರೆ ಆವೃತ್ತಿ ಕೇಳಿದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ.

ಇವತ್ತು ಬೆಳಿಗ್ಗೆ ನಿಂತಿತು, ನಕ್ಷೆಯ ಲೈಬ್ರರಿಯ ಹತ್ತಿರ. ನಿಮ್ಮ ಭಾಗ ಕೇಳಿದ್ದು ಹೊಸ ಆವೃತ್ತಿ; ವರದಿಯ ಭಾಗ ಹಳೆಯದನ್ನು ಎಳೆದು ತರುತ್ತಿತ್ತು. ಹೊಸದರಲ್ಲಿ ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ಹಳೆಯದರಲ್ಲಿ ಅದಲು ಬದಲು, ಜಾಗವೇ ತಪ್ಪಿಹೋಗುತ್ತದೆ! ಸಿಡುಕಿ ಪರದೆಗೆ ಮೂಗು ತಾಗಿಸಿ ಓದಿದಳು. ಆಮೇಲೆ, "ಲೇ, ಹಳೇ ಫೋಲ್ಡರ್‌ನಲ್ಲಿ ಎರಡೂ ಇದ್ವು ಕಣೇ. ಯಾವ್ದು ಮೊದ್ಲು ಸಿಗುತ್ತೋ ಅದೇ ಓಡ್ತಿತ್ತು" ಎಂದಳು.

ಪರೀಕ್ಷೆಯ ಯಂತ್ರದಲ್ಲಿ ಹೊಸದು ಮೊದಲು ಸಿಗುತ್ತಿತ್ತು. ಅದಕ್ಕೇ ನೀವು ಹತ್ತು ಸಲ ನೋಡಿದರೂ ಸರಿಬಂದದ್ದು. ಆಂಬ್ಯುಲೆನ್ಸ್ ಕಳಿಸುವ ನಿಜವಾದ ಯಂತ್ರದಲ್ಲಿ ಹಳೆಯದು. ಆ ದಿನದ ಸಾಫ್ಟ್‌ವೇರಿನ ಪ್ರತಿಯನ್ನು ತೆಗೆದು ಓಡಿಸಿದೆವು: ಅದೇ ತಪ್ಪು ಜಾಗಗಳು. ಹಳೆಯದನ್ನು ಕಿತ್ತು ಓಡಿಸಿದೆವು: ಎಲ್ಲವೂ ಸರಿಯಾದ ಮನೆಬಾಗಿಲಿಗೆ! ನಾವಿಬ್ಬರೂ ಕಿರುಚಿದ್ದಕ್ಕೆ ಪಕ್ಕದ ಕೋಣೆಯವರು ಬೆಂಕಿ ಬಿತ್ತೆಂದು ಓಡಿಬಂದರು.

ಮ್ಯಾನೇಜರನ್ನು ಊಟದಿಂದ ಎಬ್ಬಿಸಿ ತಂದು ತೋರಿಸಿದೆ. ಎರಡು ಸಲ ಓಡಿಸಿ ನೋಡಿದರು. "ಅವ್ರ ಮಾತನ್ನ ನಾವ್ಯಾರೂ ಕೇಳ್ಲೇ ಇಲ್ಲ, ಅಲ್ವಾ? ನಾಳೆ ಎಲ್ಲರ ಮುಂದೆ ಹೇಳ್ತೀನಿ. ಆಮೇಲೆ ಅವ್ರ ಮನೆಗೂ ಹೋಗ್ತೀನಿ" ಎಂದರು.

ಎರಡು ವರ್ಷದ ಹಿಂದೆ, ತಪ್ಪು ಯಾರದೆಂದು ಕೇಳಿದ ಆ ಸಭೆಯಲ್ಲಿ ನೀವು "ಇನ್ನೊಂದ್ಸಲ ನೋಡಿ" ಎಂದು ಮೂರು ಸಲ ಕೇಳಿಕೊಂಡಿರಿ. ದಾರಿಯ ಭಾಗ ನಿಮ್ಮದು, ಆದ್ದರಿಂದ ತಪ್ಪೂ ನಿಮ್ಮದೇ ಎಂದು ಎಲ್ಲರೂ ಹೇಳಿದರು. ನನಗೆ ಕೆಲಸ ಕೊಡಿಸಿದ್ದೇ ನೀವು. ನಾನು ಬಾಯಿಗೆ ಬೀಗ ಹಾಕಿಕೊಂಡು ಪುಸ್ತಕದಲ್ಲಿ ಗೀಚುತ್ತ ಕೂತಿದ್ದೆ. ದಾರಿ ತಪ್ಪಿದ ದಿನ ನಲವತ್ತು ನಿಮಿಷ ಆಂಬ್ಯುಲೆನ್ಸಿಗೆ ಕಾದ ಆ ಹಿರಿಯರು ಬದುಕಿಕೊಂಡರು. ನೀವು ಮಾತ್ರ ರಾಜೀನಾಮೆ ಕೊಟ್ಟು ಬಂದವರು ಮತ್ತೆ ಕಂಪ್ಯೂಟರ್ ಮುಟ್ಟಲಿಲ್ಲ.

ಈಗ ಎಲ್ಲ ಆವೃತ್ತಿಗಳನ್ನೂ ಒಂದೇ ಪಟ್ಟಿಯಲ್ಲಿ ಬರೆದಿಟ್ಟಿದ್ದೇವೆ; ಯಾವ ಭಾಗವಾದರೂ ಅಲ್ಲಿಂದಲೇ ತೆಗೆದುಕೊಳ್ಳಬೇಕು. ಬಿಲ್ಡ್ ಒಂಬತ್ತೇ ನಿಮಿಷ! ನಿಮ್ಮ ಕೋಡನ್ನು ನಾವು ಮುಟ್ಟಿಲ್ಲ. ಬರೆದ ಹಾಗೇ ಓಡುತ್ತಿದೆ.

ನಿಮ್ಮ
ನಾದಿನಿ

ಇನ್ನೊಂದು ಮಾತು: ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ವರದಿಯ ಭಾಗಕ್ಕೆ ಆ ಹಳೆಯ ಲೈಬ್ರರಿ ಸೇರಿಸಿದವಳು ನಾನು, ಕೆಲಸಕ್ಕೆ ಸೇರಿದ ಮೊದಲ ತಿಂಗಳು. ಇವತ್ತಿನವರೆಗೂ ಗೊತ್ತಿರಲಿಲ್ಲ, ನಂಬಿ. ಮ್ಯಾನೇಜರಿಗೆ ಹೇಳಿದ್ದೇನೆ, ನಾಳೆ ಎಲ್ಲರ ಮುಂದೆಯೂ ನಾನೇ ಹೇಳುತ್ತೇನೆ. ಅಣ್ಣನಿಗೆ ನೀವು ಹೇಳಿ. ಭಾನುವಾರ ಬರುತ್ತೇನೆ, ಬಾಗಿಲು ತೆಗೆಯುವುದು ಬಿಡುವುದು ನಿಮಗೆ ಸೇರಿದ್ದು.