ಅಪ್ಪನ ಸೀಲಿಂಗಿಗೊಂದು ಪ್ರೊಜೆಕ್ಟರ್

ನಮ್ಮನೆ ಪಂಡಿತನಿಗೆ,

ನೀನು ಗೊರಕೆ ಹೊಡೀತಿದ್ದೆ, ಎಬ್ಬಿಸಲಿಲ್ಲ. ನಾನು ಹೊಲಿಗೆ ಅಂಗಡಿಗೆ ಹೊರಟೆ. ಮಧ್ಯಾಹ್ನ ಟೀವಿ ಅಂಗಡಿಯವನು ಎರಡು ಪ್ರೊಜೆಕ್ಟರ್ ತರ್ತಾನೆ. ಚಿಕ್ಕದನ್ನ ಇಟ್ಕೊಂಡು ದೊಡ್ಡದನ್ನ ವಾಪಸ್ ಕಳಿಸು.

ವಾರವೆಲ್ಲ ನೀನು ಕಣ್ಣಿಗೆ ಎಣ್ಣೆ ಬಿಟ್ಕೊಂಡು ರಿವ್ಯೂ ನೋಡಿದೆ, ಗೋಡೆ ಅಳೆದೆ, ದೊಡ್ಡದೇ ಬೇಕು ಅಂದೆ. ಅಪ್ಪನ ಕಡೆ ಒಂದ್ಸಲ ನೋಡಿದ್ಯೇನೋ? ಸೊಂಟದ ಆಪರೇಷನ್ ಆಗಿ ಅಂಗಾತ ಮಲಗಿರೋರಿಗೆ ಕಾಣೋದು ಗೋಡೆಯಲ್ಲ, ಸೀಲಿಂಗ್. ಮಂಚದ ಪಕ್ಕದ ಸ್ಟೂಲಿಂದ ಮೇಲಕ್ಕೆ ನಾನು ನನ್ನ ಟೇಪಲ್ಲೇ ಅಳೆದೆ. ಅಷ್ಟು ಹತ್ತಿರದಿಂದ ದೊಡ್ಡದರಲ್ಲಿ ಚಿತ್ರ ಮಸುಕಾಗುತ್ತೆ ಅಂತ ಅಂಗಡಿಯವನೇ ಹೇಳಿದ. ಅದರ ಫ್ಯಾನ್ ಸದ್ದು ಬೇರೆ, ಕಿವಿ ಪಕ್ಕ ಮಿಕ್ಸಿ ಹಾಕಿದ ಹಾಗೆ. ಚಿಕ್ಕದರ ಮೂತಿ ಮೇಲಕ್ಕೆ ತಿರುಗುತ್ತೆ. ಅಗ್ಗದ್ದು ಅಂತ ಮೂಗು ಮುರೀಬೇಡ. ಬೆಳಕು ಕಮ್ಮಿ, ನಿಜ. ಅದಕ್ಕೇ ಕೋಟಿನ ಲೈನಿಂಗ್ ಬಟ್ಟೇಲಿ ಕಪ್ಪು ಪರದೆ ಹೊಲಿದು ಕುರ್ಚಿ ಮೇಲಿಟ್ಟಿದ್ದೀನಿ. ಕಿಟಕಿಗೆ ಕಟ್ಟು.

ಸಂಜೆ ನಾವಿಬ್ಬರೂ ಮಂಚದ ಪಕ್ಕ ಚಾಪೆ ಹಾಸ್ಕೊಂಡು ಮಲಗಿ ನೋಡೋಣ. ಮಧ್ಯದಲ್ಲಿ ಗೊರಕೆ ಹೊಡೆದ್ರೆ ಒದೆ ಬೀಳುತ್ತೆ.

ಇನ್ನೊಂದು ಕೆಲಸ ಇದೆ. ನಿನ್ನೆ ಊಟ ಮಾಡಿಸುವಾಗ ಅಪ್ಪನಿಗೆ ಸೀಲಿಂಗ್ ಮೇಲೆ ಪಿಕ್ಚರ್ ಹಾಕೋ ವಿಷಯ ಹೇಳಿದೆ. ಸುಮಾರು ಹೊತ್ತು ಮೇಲೇ ನೋಡ್ತಿದ್ರು. ಆಮೇಲೆ, "ಆ ಮೂಲೇಲಿ ಜೇಡರ ಬಲೆ ಇದೆ, ತೆಗೆಸಮ್ಮ. ಪಿಕ್ಚರಿಗೆ ಅಡ್ಡ ಬರುತ್ತೆ" ಅಂದ್ರು. ಆಸ್ಪತ್ರೆಯಿಂದ ಬಂದಮೇಲೆ ಅವರು ಬಾಯಿಬಿಟ್ಟು ಏನಾದ್ರೂ ಬೇಕು ಅಂದಿದ್ದು ಇದೇ ಮೊದಲು ಕಣೋ.

ಬಲೆ ನೀನೇ ತೆಗಿ. ಅವರಿಗೆ ಎಚ್ಚರ ಆಗಲಿ, ಅವರು ನೋಡ್ತಿರುವಾಗ ತೆಗಿ.

ಅಕ್ಕ