ಬಾಗಿಲ ಪಕ್ಕದ ಉಬ್ಬು

ಪ್ರೀತಿಯ ಅಕ್ಕನಿಗೆ,

ನಿನ್ನ ಮನೆಯಿಂದ ಹೊರಟ ಅಮ್ಮ ಸುಖವಾಗಿ ಬಂದು ಸೇರಿದಳು. ನಾನೇ ಒಂದು ಕಡೆ ಕೂರಲಾರದೆ ಓಡಾಡುತ್ತಿದ್ದೇನೆ.

ನಡುಮನೆಯ ಮೂಲೆಗೆ ಜಿಪ್ಸಮ್ ಹಲಗೆ ನಿಲ್ಲಿಸಿ ಅವಳಿಗೊಂದು ಕೋಣೆ ಮಾಡಿದ್ದೇನೆ. ಕಣ್ಣು ಹೋದಮೇಲೆ ಗೋಡೆ ಸವರಿಕೊಂಡೇ ನಡೆಯುತ್ತಾಳಲ್ಲ, ಹಲಗೆಗಳು ಕೂಡುವ ಸಂದು ಅವಳ ಕೈಗೆ ಸಿಗಲೇಬಾರದೆಂದು ನನ್ನ ಹಟ. ಸಂದಿನ ಮೇಲೆ ಪುಟ್ಟಿಯ ಬಿಳಿ ಲೇಪ ಬಳಿದೆ, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿದೆ. ಸ್ವಲ್ಪ ಹೆಚ್ಚು ಉಜ್ಜಿದರೆ ಸಂದಿಗೆ ಅಂಟಿಸಿದ ಪಟ್ಟಿ ಇಣುಕುತ್ತದೆ. ಮತ್ತೆ ಬಳಿ, ಮತ್ತೆ ಕಾಯಿ. ಮೂಗು ಬಾಯಲ್ಲೆಲ್ಲ ಬಿಳಿ ಧೂಳು. "ಗೋಡೇನ ಮದುವೆಗೆ ರೆಡಿ ಮಾಡ್ತಿದೀಯಾ?" ಎಂದು ಇವರು ನಕ್ಕರು.

ಅಮ್ಮ ಬಂದವಳೇ ಗೋಡೆಗೆ ಅಂಗೈ ಹಚ್ಚಿ ನಡೆದಳು. ಬಾಗಿಲ ಪಕ್ಕ ನಿಂತುಬಿಟ್ಟಳು.

"ಇಲ್ಲೇನೋ ಉಬ್ಬಿದೆಯಲ್ಲೇ."

ನಾನು ಉಪ್ಪುಕಾಗದ ಕೈಗೆತ್ತಿಕೊಂಡೆ. "ತಾಳಮ್ಮ, ಈಗಲೇ ಉಜ್ತೀನಿ" ಎಂದೆ.

"ಮುಟ್ಟಬೇಡ. ಇದು ಕೈಗೆ ಸಿಕ್ಕಿದ್ರೆ ಬಾಗಿಲು ಬಂತು ಅಂತ ಗೊತ್ತಾಗುತ್ತೆ. ಯಾರನ್ನೂ ಕೂಗಬೇಕಾಗಿಲ್ಲ."

ಆಮೇಲೆ ಒಬ್ಬಳೇ ಹೊರಗೆ ಬಂದಳು, ಒಬ್ಬಳೇ ಒಳಗೆ ಹೋದಳು, ಮತ್ತೆ ಬಂದಳು. ಆ ಉಬ್ಬು ಕಂಡಾಗಲೆಲ್ಲ ನನ್ನ ಕೈ ತುರಿಸುತ್ತದೆ, ಆದರೂ ಉಜ್ಜಿಲ್ಲ.

ನೀನು ಬೇಜಾರು ಮಾಡಿಕೊಳ್ಳಬೇಡ ಅಕ್ಕ. ಅವಳ ಉಳಿದ ಬಟ್ಟೆಗಳನ್ನೂ ಕಳಿಸಿಬಿಡು. ಅವಳೇ ಕೇಳಿದಳು.

ಧೂಳು ಮೆತ್ತಿದ ಕೈಯಿಂದ,
ನಿನ್ನ ತಂಗಿ